ಎಕ್ಸ್‌ರೇಯಲ್ಲಿ ಏನೂ ಇಲ್ಲ, ಎಂಆರ್‌ಐಯಲ್ಲಿ ಆರು ಸಾಲು: ಮಗಳ ಮೊಣಕಾಲಿನ ವರದಿಯನ್ನು ಹೇಗೆ ಓದಬೇಕು?

ಪ್ರಶ್ನೆ: ನಾವು ರಾಣೆಬೆನ್ನೂರು ತಾಲ್ಲೂಕಿನವರು. ಮಗಳಿಗೆ ಇಪ್ಪತ್ತು ವರ್ಷ, ಬಿ.ಎ. ಓದುತ್ತಿದ್ದಾಳೆ, ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಐದು ವಾರಗಳ ಹಿಂದೆ ಪಂದ್ಯದಲ್ಲಿ ರೈಡ್ ಮುಗಿಸಿ ಗಕ್ಕನೆ ಹಿಂದಕ್ಕೆ ತಿರುಗುವಾಗ ಬಲ ಮೊಣಕಾಲು ಹೊರಳಿತು. ಯಾರೂ ಮೈಮೇಲೆ ಬಿದ್ದಿರಲಿಲ್ಲ. ಒಳಗೆ ‘ಟಪ್’ ಎಂದಿದ್ದು ತನಗೇ ಕೇಳಿಸಿತು ಎನ್ನುತ್ತಾಳೆ. ಮನೆಗೆ ಬರುವಷ್ಟರಲ್ಲಿ ಕಾಲು ಊದಿತ್ತು. ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿಲ್ಲ ಎಂದರು. ನಾಟಿ ವೈದ್ಯರಲ್ಲಿ ಎರಡು ವಾರ ಕಟ್ಟು ಹಾಕಿಸಿದೆವು. ಊತ ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಎರಡು ಸಲ ಮೊಣಕಾಲು ಸರಿದಂತಾಗಿ ಕುಸಿದಳು. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆವು. ವರದಿಯಲ್ಲಿ ಆರು ದೋಷಗಳನ್ನು ಬರೆದಿದ್ದಾರೆ: ಎಸಿಎಲ್ ಪೂರ್ಣ ಹರಿದಿದೆ, ಎರಡು ಕಡೆ ಬೋನ್ ಕಂಟ್ಯೂಷನ್, ಎಂಸಿಎಲ್ ಗ್ರೇಡ್ 1, ಮೀಡಿಯಲ್ ಮೆನಿಸ್ಕಸ್‌ನಲ್ಲಿ ಗ್ರೇಡ್ 2 ಸಿಗ್ನಲ್, ಕೀಲಿನಲ್ಲಿ ನೀರು, ಹಿಂಭಾಗದಲ್ಲಿ ಸಣ್ಣ ಬೇಕರ್ ಸಿಸ್ಟ್. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆ ಬೇಕು ಎಂದರು, ಇನ್ನೊಬ್ಬರು ಮೊದಲು ವ್ಯಾಯಾಮ ಮಾಡಿಸಿ ನೋಡೋಣ ಎಂದರು. ಎಕ್ಸ್‌ರೇ ನಿಜವೋ ಎಂಆರ್‌ಐ ನಿಜವೋ? ಬೆಂಗಳೂರಿಗೆ ಹೋಗಿ 3 ಟೆಸ್ಲಾ ಯಂತ್ರದಲ್ಲಿ ಮತ್ತೆ ಮಾಡಿಸಬೇಕೇ? ಹೆಣ್ಣುಮಗಳಿಗೆ ಇಷ್ಟು ಸಲ ಕಿರಣ ಬಿಟ್ಟರೆ ಮುಂದೆ ತೊಂದರೆಯಾಗುವುದಿಲ್ಲವೇ? ಮಗಳು ಮಾತ್ರ ‘ಮತ್ತೆ ಯಾವಾಗ ಆಡಬಹುದು ಎಂದಷ್ಟೇ ಕೇಳಿ’ ಎನ್ನುತ್ತಿದ್ದಾಳೆ.

ಉತ್ತರ: ಎಕ್ಸ್‌ರೇ, ಎಂಆರ್‌ಐ ಚಿತ್ರಗಳನ್ನು ಓದಿ ವರದಿ ಬರೆಯುವುದೇ ನನ್ನ ವೃತ್ತಿ. ಆದರೂ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ಮೊದಲು ನಿಂತದ್ದು ವರದಿಯ ಆರು ಸಾಲುಗಳ ಮೇಲಲ್ಲ, ಅದಕ್ಕೂ ಮುಂಚೆ ನೀವು ಬರೆದ ನಾಲ್ಕು ಮಾತುಗಳ ಮೇಲೆ. ಯಾರೂ ತಾಗದೆ, ತಿರುಗುವಾಗಲೇ ಕಾಲು ಹೊರಳಿತು. ಒಳಗೆ ಸದ್ದಾಯಿತು. ಮನೆ ಸೇರುವಷ್ಟರಲ್ಲಿ ಊದಿತು. ವಾರಗಳ ನಂತರ ಮೆಟ್ಟಿಲಿನಲ್ಲಿ ಕುಸಿದಳು. ಈ ನಾಲ್ಕು ಒಟ್ಟಿಗೆ ಬಂದರೆ, ಅನುಭವಿ ಮೂಳೆ ವೈದ್ಯರು ಯಾವ ಚಿತ್ರವನ್ನೂ ನೋಡದೆ ಎಸಿಎಲ್‌ನ, ಅಂದರೆ ಮೊಣಕಾಲಿನೊಳಗೆ ತೊಡೆಮೂಳೆಯನ್ನು ಅದರ ಕೆಳಗಿನ ಕಣಕಾಲ ಮೂಳೆಗೆ ಬಿಗಿದಿಡುವ ಲಿಗಮೆಂಟಿನ, ಹೆಸರು ಹೇಳುತ್ತಾರೆ. ಊತ ಎಷ್ಟು ಹೊತ್ತಿಗೆ ಬಂತು ಎಂಬುದು ಬಹಳ ಬೆಲೆಯುಳ್ಳ ಮಾಹಿತಿ. ಮಾರನೆಯ ದಿನ ನಿಧಾನವಾಗಿ ಬರುವ ಊತ ಸಾಮಾನ್ಯವಾಗಿ ಕೀಲಿನ ನೀರಿನದು. ಒಂದೆರಡು ಗಂಟೆಯಲ್ಲಿ ಬಿಗಿದುಕೊಳ್ಳುವ ಊತ ಬಹುಪಾಲು ರಕ್ತದ್ದು. ಎಸಿಎಲ್‌ಗೆ ತನ್ನದೇ ರಕ್ತನಾಳಗಳಿವೆ, ಹರಿದರೆ ಅವು ಕೀಲಿನೊಳಕ್ಕೆ ಸುರಿಯುತ್ತವೆ.

ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಎಕ್ಸ್‌ರೇಯೂ ನಿಜ, ಎಂಆರ್‌ಐಯೂ ನಿಜ. ಎಕ್ಸ್‌ರೇಗೆ ಕೇಳಿದ್ದು ಮೂಳೆಯ ಪ್ರಶ್ನೆ, ಅದು ಮೂಳೆಯ ಉತ್ತರ ಕೊಟ್ಟಿತು. ಲಿಗಮೆಂಟ್ ಎಂದರೆ ಮೂಳೆಯಿಂದ ಮೂಳೆಗೆ ಬಿಗಿದ ನಾರಿನ ಹುರಿ, ಅದರಲ್ಲಿ ಸುಣ್ಣದಂಶವಿಲ್ಲ. ಎಕ್ಸ್‌ರೇ ಫಿಲ್ಮಿನಲ್ಲಿ ಅದಕ್ಕೂ ಸುತ್ತಲಿನ ಮಾಂಸಕ್ಕೂ ಕೀಲಿನ ನೀರಿಗೂ ಹೆಚ್ಚುಕಡಿಮೆ ಒಂದೇ ಬಣ್ಣ. ಎಸಿಎಲ್ ಎರಡು ತುಂಡಾಗಿದ್ದರೂ ಎಕ್ಸ್‌ರೇ ನೋಡಿದವರು ‘ಮೂಳೆ ಸರಿಯಾಗಿದೆ’ ಎಂದೇ ಹೇಳಬೇಕಾಗುತ್ತದೆ. ತಪ್ಪಾಗುವುದು ಆ ಮಾತು ಮನೆಗೆ ಬರುವಷ್ಟರಲ್ಲಿ ‘ಮೊಣಕಾಲು ಸರಿಯಾಗಿದೆ’ ಎಂದು ಬದಲಾಗುವಲ್ಲಿ. ನಮ್ಮ ಕಡೆ ಈ ಒಂದು ಪದದ ವ್ಯತ್ಯಾಸದಿಂದ ಎಷ್ಟೋ ಮಕ್ಕಳ ತಿಂಗಳುಗಳು ವ್ಯರ್ಥವಾಗುವುದನ್ನು ನೋಡಿದ್ದೇನೆ.

ಹಾಗೆಂದು ಆ ಎಕ್ಸ್‌ರೇಯನ್ನು ಮೂಲೆಗೆ ಎಸೆಯಬೇಡಿ. ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಅದನ್ನೂ ಒಯ್ಯಿರಿ, ಮುಂದಿನಿಂದ ತೆಗೆದ ಚಿತ್ರದಲ್ಲಿ ಕಣಕಾಲ ಮೂಳೆಯ ಮೇಲ್ತುದಿಯ ಹೊರ ಅಂಚನ್ನು ಇನ್ನೊಮ್ಮೆ ನೋಡಲು ಹೇಳಿ. ಅಲ್ಲಿ ಕೆಲವೊಮ್ಮೆ ಅಕ್ಕಿಕಾಳಿನಷ್ಟು ಸಣ್ಣ ಮೂಳೆಯ ಚಕ್ಕೆ ಎದ್ದಿರುತ್ತದೆ. ಇದಕ್ಕೆ ಸೆಗಾಂಡ್ ಮುರಿತ ಎಂದು ಹೆಸರು. ಪಾಲ್ ಸೆಗಾಂಡ್ ಎಂಬ ಫ್ರೆಂಚ್ ಶಸ್ತ್ರವೈದ್ಯ 1879ರಲ್ಲಿ ಶವಗಳ ಮೊಣಕಾಲನ್ನು ಮಡಿಸಿ ಬಲವಾಗಿ ಒಳಕ್ಕೆ ತಿರುಗಿಸಿ, ಯಾವ ಭಾಗ ಮೊದಲು ಕಿತ್ತುಬರುತ್ತದೆ ಎಂದು ಪರೀಕ್ಷಿಸಿ ಇದನ್ನು ವಿವರಿಸಿದ. ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ, ಅಂದರೆ ಅದಕ್ಕೆ 16 ವರ್ಷಗಳ ನಂತರ. ಚಿತ್ರವೇ ಇಲ್ಲದ ಕಾಲದಲ್ಲಿ ಕೈಯಿಂದ ಕಂಡುಕೊಂಡ ಆ ಚಕ್ಕೆ ಇವತ್ತು ನಮಗೆ ಫಿಲ್ಮಿನಲ್ಲಿ ಕಂಡರೆ, ಒಳಗೆ ಎಸಿಎಲ್ ಹರಿದಿರುವುದು ಬಹುತೇಕ ಖಚಿತ. ಚಕ್ಕೆ ಚಿಕ್ಕದು, ನೋವಿರುವ ಜಾಗವೂ ಅಷ್ಟೇನೂ ಎದ್ದು ಕಾಣುವುದಿಲ್ಲ, ಹೀಗಾಗಿ ಗಡಿಬಿಡಿಯಲ್ಲಿ ಕಣ್ಣು ತಪ್ಪುತ್ತದೆ. ಚಕ್ಕೆ ಇಲ್ಲ ಎಂದ ಮಾತ್ರಕ್ಕೆ ಎಸಿಎಲ್ ಉಳಿದಿದೆ ಎಂದೂ ಅರ್ಥವಲ್ಲ. ಹರಿದವರಲ್ಲಿ ಹೆಚ್ಚಿನವರಿಗೆ ಅದು ಇರುವುದೇ ಇಲ್ಲ. ಬೆಳೆಯುವ ವಯಸ್ಸಿನ ಮಕ್ಕಳಲ್ಲಂತೂ ಎಕ್ಸ್‌ರೇಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಹತ್ತು ಹನ್ನೆರಡರ ಮಕ್ಕಳಲ್ಲಿ ಲಿಗಮೆಂಟ್ ಹರಿಯುವ ಬದಲು ಅದು ಅಂಟಿಕೊಂಡಿರುವ ಮೂಳೆಯ ತುದಿಯೇ ಕಿತ್ತುಬರುವುದುಂಟು, ಅದು ಎಕ್ಸ್‌ರೇಯಲ್ಲೇ ಕಾಣುತ್ತದೆ.

ಈಗ ಎಂಆರ್‌ಐ. ಮೊದಲು ನಿಮ್ಮ ಭಯವನ್ನು ತೆಗೆದುಹಾಕುತ್ತೇನೆ: ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಅದು ಒಂದು ದೊಡ್ಡ ಅಯಸ್ಕಾಂತ, ಅದರ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು ಬಲ, ಜೊತೆಗೆ ರೇಡಿಯೋ ತರಂಗಗಳು. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕ ಆ ತರಂಗಗಳಿಗೆ ಮಾರುಲಿಯುತ್ತದೆ, ಯಂತ್ರ ಆ ಮಾರುಲಿಯನ್ನು ಚಿತ್ರವಾಗಿ ಜೋಡಿಸುತ್ತದೆ. ಮೊಣಕಾಲಿನ ಎಕ್ಸ್‌ರೇಯಲ್ಲೂ ದೇಹಕ್ಕೆ ಸೇರುವ ವಿಕಿರಣ ತೀರಾ ಅಲ್ಪ. ನಾವೆಲ್ಲರೂ ಮಣ್ಣಿನಿಂದ, ಆಕಾಶದಿಂದ ಸಹಜವಾಗಿ ಪಡೆಯುವ ವಿಕಿರಣದಲ್ಲಿ ಒಂದು ದಿನದ ಪಾಲಿಗಿಂತ ಅದು ಕಡಿಮೆ. ನಿಮ್ಮ ಮಗಳ ಮದುವೆಗಾಗಲಿ ಮುಂದೆ ಹುಟ್ಟುವ ಮಕ್ಕಳಿಗಾಗಲಿ ಇದರಿಂದ ಯಾವ ತೊಂದರೆಯೂ ಇಲ್ಲ, ಇದನ್ನು ಮನೆಯ ಹಿರಿಯರಿಗೂ ತಿಳಿಸಿ. ಅಯಸ್ಕಾಂತದ ಅಪಾಯವೇ ಬೇರೆ ತರಹದ್ದು: ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ವೆಲ್ಡಿಂಗ್ ಅಥವಾ ಲೇತ್ ಕೆಲಸ ಮಾಡುವವರ ಕಣ್ಣಿನಲ್ಲಿ ಎಂದೋ ಸಿಕ್ಕಿಕೊಂಡ ಕಬ್ಬಿಣದ ಚೂರು. ಇಂಥವಿದ್ದರೆ ಯಂತ್ರದ ಕೋಣೆಯ ಬಾಗಿಲಿನಲ್ಲೇ ಹೇಳಬೇಕು. ಸೀರೆಯ ಪಿನ್ನು, ಉಡಿದಾರ, ತಾಯತ ಎಲ್ಲವನ್ನೂ ಹೊರಗೆ ತೆಗೆದಿಡಬೇಕು. ತಾಯತದ ಡಬ್ಬಿ ಯಾವ ಲೋಹದ್ದು ಎಂಬುದು ಕಟ್ಟಿಕೊಂಡವರಿಗೇ ಗೊತ್ತಿರುವುದಿಲ್ಲ.

ಚಿತ್ರದಲ್ಲಿ ನಾವು ಏನನ್ನು ನೋಡುತ್ತೇವೆ? ಆರೋಗ್ಯವಾದ ಲಿಗಮೆಂಟ್ ಎಂಆರ್‌ಐಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅದರ ನಾರುಗಳು ಎಷ್ಟು ಒತ್ತಾಗಿ ಹೆಣೆದಿರುತ್ತವೆಂದರೆ ನಡುವೆ ಸಿಕ್ಕ ಅಷ್ಟಿಷ್ಟು ನೀರು ಸುಳಿವು ಕೊಡುವಷ್ಟು ಹೊತ್ತು ಉಲಿಯುವುದೇ ಇಲ್ಲ. ಕೀಲಿನ ನೀರು, ರಕ್ತ, ಊತ ಇವು ಬೆಳ್ಳಗೆ ಕಾಣುವಂತೆ ನಾವು ಯಂತ್ರವನ್ನು ಹೊಂದಿಸಿಕೊಂಡಿರುತ್ತೇವೆ. ಹೀಗಾಗಿ ಹೊಸದಾಗಿ ಹರಿದ ಎಸಿಎಲ್ ಎಂದರೆ ಕಪ್ಪು ಪಟ್ಟಿಯ ನಡುವೆ ಬೆಳ್ಳನೆಯ ಬಿರುಕು, ಸುತ್ತ ಮೋಡದಂಥ ಮಸುಕು. ಸೆಣಬಿನ ಹಗ್ಗ ಕಿತ್ತ ತುದಿ ಹೇಗೆ ಕೆದರಿ ಜುಂಜುರಾಗುತ್ತದೋ ಹಾಗೆಯೇ. ಬಿಗಿಯಾಗಿ ಓರೆಯಾಗಿ ಮೇಲಕ್ಕೆ ಹೋಗಬೇಕಾದ ಪಟ್ಟಿ ಸಡಿಲವಾಗಿ ಕೆಳಗೆ ಮಲಗಿರುತ್ತದೆ. ಎಸಿಎಲ್ ನೆಟ್ಟಗೆ ನಿಂತ ಕಂಬದಂತಿಲ್ಲ, ತೊಡೆಮೂಳೆಯ ತುದಿಯ ನಡುಗಣಿವೆಯಿಂದ ಕಣಕಾಲ ಮೂಳೆಯ ಮುಂಭಾಗಕ್ಕೆ ಓರೆಯಾಗಿ ಇಳಿಯುತ್ತದೆ. ಯಂತ್ರವಾದರೋ ಮೊಣಕಾಲನ್ನು ಸಾಮಾನ್ಯವಾಗಿ ಮೂರು ಮಿಲಿಮೀಟರ್ ದಪ್ಪದ ಹೋಳುಗಳಾಗಿ ತೋರಿಸುತ್ತದೆ. ಒಂದು ಹೋಳಿನಲ್ಲಿ ಲಿಗಮೆಂಟಿನ ಅರ್ಧ, ಇನ್ನೊಂದರಲ್ಲಿ ಉಳಿದರ್ಧ ಬಂದು ಹರಿದಂತೆ ತೋರಬಹುದು. ಅದಕ್ಕೇ ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಮೂರೂ ದಿಕ್ಕಿನ ಹೋಳುಗಳನ್ನು ಹೊಂದಿಸಿ ನೋಡದೆ ವರದಿ ಬರೆಯಬಾರದು.

ನಿಮ್ಮ ವರದಿಯ ಎರಡನೆಯ ಸಾಲು, ಬೋನ್ ಕಂಟ್ಯೂಷನ್, ನಿಮ್ಮನ್ನು ಹೆದರಿಸಿದೆ. ನನಗೆ ಅದೇ ವಿಶ್ವಾಸ ಕೊಟ್ಟ ಸಾಲು. ಅದು ಮೂಳೆಯೊಳಗಿನ ಕಂದುಗಾಯ, ಮೈಮೇಲೆ ಪೆಟ್ಟು ಬಿದ್ದಾಗ ಚರ್ಮ ನೀಲಿಗಟ್ಟುವಂತೆ. ಎಸಿಎಲ್ ಕಿತ್ತ ಕ್ಷಣದಲ್ಲಿ ಕಣಕಾಲ ಮೂಳೆ ಹಿಡಿತ ತಪ್ಪಿ ಮುಂದಕ್ಕೆ ಜಾರಿ ತಿರುಗುತ್ತದೆ. ಆಗ ಅದರ ಹೊರಬದಿಯ ಹಿಂದಿನ ಅಂಚು ತೊಡೆಮೂಳೆಯ ಹೊರಬದಿಯ ಉಬ್ಬಿಗೆ ಹೋಗಿ ಬಡಿಯುತ್ತದೆ. ಮರುಕ್ಷಣವೇ ಮೂಳೆಗಳು ತಮ್ಮ ಜಾಗಕ್ಕೆ ಮರಳುತ್ತವೆ, ಆದರೆ ಬಡಿದ ಎರಡು ಗುರುತುಗಳು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ನಿಮ್ಮ ಮಗಳ ವರದಿಯಲ್ಲಿ ಗುರುತುಗಳು ಈ ಎರಡು ಜಾಗದಲ್ಲೇ ಇದ್ದರೆ, ಅಂದು ಅಂಕಣದಲ್ಲಿ ಅವಳ ಕಾಲಿಗೆ ಆದದ್ದು ಇದೇ. ಬೈಕಿನಿಂದ ಬಿದ್ದು ಮಡಿಸಿದ ಮೊಣಕಾಲು ನೆಲಕ್ಕೆ ಬಡಿದವರಲ್ಲಿ ಗುರುತು ಬೇರೆ ಕಡೆ, ಕಣಕಾಲ ಮೂಳೆಯ ಮುಂಭಾಗದಲ್ಲಿ ಇರುತ್ತದೆ. ಆಗ ನಾನು ಹಿಂದಿನ ಲಿಗಮೆಂಟ್ ಆದ ಪಿಸಿಎಲ್‌ನ್ನು ಹುಡುಕುತ್ತೇನೆ. ಈ ಕಂದುಗಾಯಕ್ಕೆ ಪ್ರತ್ಯೇಕ ಶಸ್ತ್ರಚಿಕಿತ್ಸೆ ಇಲ್ಲ, ತಾನಾಗಿ ಮಾಯುತ್ತದೆ.

ಎಂಸಿಎಲ್ ಗ್ರೇಡ್ 1 ಎಂದರೆ ಮೊಣಕಾಲಿನ ಒಳಬದಿಯ ಪಟ್ಟಿ ಎಳೆದುಕೊಂಡಿದೆ, ನಾರು ಹರಿದಿಲ್ಲ. ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದೆ. ಎಂಸಿಎಲ್‌ಗೆ ಮಾಯುವ ಶಕ್ತಿ ಚೆನ್ನಾಗಿದೆ, ಪೂರ್ತಿ ಹರಿದವರಲ್ಲೂ ಹಲವರಿಗೆ ಪಟ್ಟಿ ಕಟ್ಟಿ ವ್ಯಾಯಾಮ ಮಾಡಿಸಿಯೇ ಗುಣಪಡಿಸುತ್ತಾರೆ. ಇದೊಂದು ಲಿಗಮೆಂಟ್ ಚರ್ಮದ ಕೆಳಗೇ ಇರುವುದರಿಂದ ಅಲ್ಟ್ರಾಸೌಂಡಿನಲ್ಲೂ ಚೆನ್ನಾಗಿ ಕಾಣುತ್ತದೆ. ಒಳಗಿನ ಎಸಿಎಲ್‌ನ್ನು ಅಲ್ಟ್ರಾಸೌಂಡಿನಲ್ಲಿ ನಂಬುವಂತೆ ನೋಡಲು ಆಗುವುದಿಲ್ಲ, ಮೂಳೆಗಳ ಮರೆಯಲ್ಲಿ ಅಡಗಿರುತ್ತದೆ. ಕೀಲಿನ ನೀರು, ಹಿಂಭಾಗದ ಸಣ್ಣ ಸಿಸ್ಟ್ ಎರಡೂ ಒಂದೇ ಕಥೆಯ ತುಣುಕುಗಳು. ಒಳಗೆ ನೀರು ತುಂಬಿದಾಗ ಹಿಂದಿನ ಸಂದಿಯಿಂದ ಹೊರಕ್ಕೆ ಒಸರಿ ಚೀಲದಂತೆ ನಿಲ್ಲುತ್ತದೆ. ಅದನ್ನು ಗೆಡ್ಡೆ ಎಂದು ತಿಳಿದು ತೆಗೆಸಲು ಹೋಗಬೇಡಿ.

ಮೆನಿಸ್ಕಸ್‌ನ ಗ್ರೇಡ್ 2 ಸಿಗ್ನಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ವರದಿ ಹಿಡಿದು ಬರುವವರಲ್ಲಿ ಅತಿ ಹೆಚ್ಚು ಅನಗತ್ಯ ಭಯ ಹುಟ್ಟಿಸುವ ಸಾಲು ಅದು. ಮೆನಿಸ್ಕಸ್ ಎಂದರೆ ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದಲ್ಲಿ ಕುಳಿತಿರುವ ಮೆತ್ತೆ. ಅದು ಕೂಡ ಎಂಆರ್‌ಐಯಲ್ಲಿ ಕಪ್ಪು. ಒಳಗೆ ಬೆಳ್ಳನೆಯ ಚುಕ್ಕೆ ಕಂಡರೆ ಗ್ರೇಡ್ 1, ಗೆರೆ ಕಂಡರೆ ಗ್ರೇಡ್ 2, ಆ ಗೆರೆ ಮೆತ್ತೆಯ ಮೇಲ್ಮೈಯನ್ನು ಮುಟ್ಟಿದರೆ ಗ್ರೇಡ್ 3. ಹರಿದಿದೆ ಎಂದು ನಾವು ಕರೆಯುವುದು ಮೂರನೆಯದನ್ನು ಮಾತ್ರ. ಗ್ರೇಡ್ 2 ಹರಿದದ್ದಲ್ಲ. ಎಳೆಯರಲ್ಲಿ ರಕ್ತನಾಳಗಳ ಕಾರಣದಿಂದಲೂ, ವಯಸ್ಸಾದವರಲ್ಲಿ ಸವಕಳಿಯಿಂದಲೂ, ಪೆಟ್ಟು ಬಿದ್ದವರಲ್ಲಿ ಅದುಮಿದ ಗಾಯದಿಂದಲೂ ಇಂಥ ಗೆರೆ ಕಾಣಿಸಬಹುದು. ಎಂಸಿಎಲ್‌ನ ಗ್ರೇಡ್ 1ನ್ನು ಮೆನಿಸ್ಕಸ್‌ನ ಗ್ರೇಡ್ 2ರ ಪಕ್ಕ ಇಟ್ಟು ‘ಎರಡನೆಯದು ಹೆಚ್ಚು ಕೆಟ್ಟಿದೆ’ ಎಂದು ಲೆಕ್ಕ ಹಾಕುವುದು ಸಹಜ, ಆದರೆ ಎರಡೂ ಬೇರೆ ಬೇರೆ ಅಳತೆಗೋಲುಗಳು. ವರದಿ ಬರೆಯುವ ನಾವೇ ಆ ಸಂಖ್ಯೆಯ ಪಕ್ಕದಲ್ಲಿ ‘ಹರಿದಿಲ್ಲ’ ಎಂಬ ಒಂದು ಪದ ಸೇರಿಸಬೇಕು. ಸೇರಿಸದೆ ಬಿಟ್ಟರೆ ಅದು ನಮ್ಮ ಲೋಪ.

ಇನ್ನೊಂದು ಮಾತು. ಐವತ್ತು ದಾಟಿದ್ದರೆ ನಿಮ್ಮದೇ ಮೊಣಕಾಲನ್ನು ಆ ಯಂತ್ರದೊಳಗೆ ಇಟ್ಟರೂ ಎರಡು ಮೂರು ಸಾಲಿನ ‘ದೋಷ’ ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷದ 991 ಜನರ ಮೊಣಕಾಲಿನ ಎಂಆರ್‌ಐ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೆನಿಸ್ಕಸ್ ನಿಜವಾಗಿಯೇ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮೊಣಕಾಲಿನಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಇರುವುದು ಕಾಣದಿರುವುದು. ಎಸಿಎಲ್ ಪೂರ್ತಿ ಹರಿದಿದ್ದರೆ ಅದನ್ನು ಹಿಡಿಯುವಲ್ಲಿ ಎಂಆರ್‌ಐ ನೂರಕ್ಕೆ 90ಕ್ಕಿಂತ ಹೆಚ್ಚು ಬಾರಿ ಸರಿಯಾಗಿರುತ್ತದೆ. ಭಾಗಶಃ ಹರಿದಿದ್ದರೆ ಆ ಭರವಸೆ ಇಳಿಯುತ್ತದೆ, ಗಾಯ ಹಳೆಯದಾದಂತೆ ಇನ್ನೂ ಇಳಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮೂವತ್ತರ ಆಸುಪಾಸಿನ ಒಬ್ಬರ ಎಂಆರ್‌ಐ ಓದಿ ‘ಎಸಿಎಲ್ ಸರಿಯಾಗಿದೆ’ ಎಂದು ಬರೆದೆ. ಕಳಿಸಿದ ಚೀಟಿಯಲ್ಲಿ ‘ಮೊಣಕಾಲು ನೋವು’ ಎಂಬ ಎರಡೇ ಪದಗಳಿದ್ದವು. ಮರುದಿನ ಶಸ್ತ್ರವೈದ್ಯರು ಫೋನ್ ಮಾಡಿ, ‘ಒಮ್ಮೆ ಕೆಳಗೆ ಬಂದು ಈ ಕಾಲನ್ನು ನೀವೇ ಮುಟ್ಟಿ ನೋಡಿ’ ಎಂದರು. ಹೋದೆ. ಮೊಣಕಾಲನ್ನು ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದಾಗ, ತಡೆಯೇ ಇಲ್ಲದೆ ಸರಿದು ಬಂತು. ವಾಪಸು ಬಂದು ಚಿತ್ರವನ್ನು ಮತ್ತೆ ತೆರೆದೆ. ಕಪ್ಪು ಪಟ್ಟಿ ಇತ್ತು, ಆದರೆ ಅದು ಮೇಲೆ ತೊಡೆಮೂಳೆಯ ಗೋಡೆಗೆ ಸೇರಿರಲಿಲ್ಲ. ಎರಡು ವರ್ಷಗಳ ಹಿಂದೆ ಕಿತ್ತ ಎಸಿಎಲ್ ಕೆಳಕ್ಕೆ ಬಿದ್ದು, ಪಕ್ಕದ ಪಿಸಿಎಲ್‌ಗೆ ಅಂಟಿಕೊಂಡು ಮಾದಿತ್ತು. ಪಕ್ಕದಿಂದ ನೋಡಿದರೆ ಅಖಂಡ ಪಟ್ಟಿ, ಮುಂದಿನಿಂದ ನೋಡಿದರೆ ಗೋಡೆಯ ಪಕ್ಕ ಖಾಲಿ ಜಾಗ. ಅವರು ವರದಿಯನ್ನಷ್ಟೇ ನಂಬಿ ಮನೆಗೆ ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ಚೀಟಿಯಲ್ಲಿ ಎರಡೇ ಪದಗಳಿದ್ದರೆ ನಾನು ಹೊರಗೆ ಹೋಗಿ ರೋಗಿಯನ್ನೇ ಕೇಳುತ್ತೇನೆ: ಯಾವ ದಿನ, ಹೇಗೆ ತಿರುಚಿತು, ಸದ್ದಾಯಿತೇ, ಎಷ್ಟು ಹೊತ್ತಿಗೆ ಊದಿತು, ಈಗ ಕುಸಿಯುತ್ತದೆಯೇ, ಸಿಕ್ಕಿಕೊಳ್ಳುತ್ತದೆಯೇ. ಎಂಆರ್‌ಐಗೆ ಹೋಗುವ ಯಾರೇ ಆಗಲಿ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ತಂದುಕೊಟ್ಟರೆ ನಮಗೆ ದೊಡ್ಡ ಉಪಕಾರ.

ನಾನು ಮಾಡಿದ ಆ ಕೈಪರೀಕ್ಷೆಗೆ ಲ್ಯಾಕ್‌ಮನ್ ಪರೀಕ್ಷೆ ಎಂದು ಹೆಸರು. ಅದಕ್ಕೆ ಖರ್ಚಿಲ್ಲ, ಒಂದು ನಿಮಿಷ ಸಾಕು. ಎರಡೂ ಕಾಲನ್ನು ಪರೀಕ್ಷಿಸಿ ಹೋಲಿಸಬೇಕು, ಏಕೆಂದರೆ ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಗಾಯವಾದ ಹೊಸತರಲ್ಲಿ ಊತ, ನೋವಿನಿಂದ ಸ್ನಾಯು ಬಿಗಿದಿರುವಾಗ ಇದು ಸರಿಯಾಗಿ ಆಗುವುದಿಲ್ಲ. ಈಗ ಐದು ವಾರ ಕಳೆದಿರುವುದರಿಂದ ಆಗುತ್ತದೆ. ನೀವು ಕಂಡ ಇಬ್ಬರು ವೈದ್ಯರಲ್ಲಿ ಯಾರು ನಿಮ್ಮ ಮಗಳನ್ನು ಮಲಗಿಸಿ ಎರಡೂ ಮೊಣಕಾಲನ್ನು ಹೀಗೆ ಎಳೆದು ನೋಡಿದರು, ಯಾರು ವರದಿಯನ್ನು ಮಾತ್ರ ಓದಿದರು? ನನ್ನನ್ನು ಕೇಳಿದರೆ, ಯಾರ ಮಾತಿಗೆ ಹೆಚ್ಚು ತೂಕ ಕೊಡಬೇಕು ಎಂಬುದನ್ನು ಇದು ನಿರ್ಧರಿಸಬೇಕು. ಎಂಆರ್‌ಐ ಮಾಡುವಾಗ ಮಗಳು ಅಲುಗಾಡದೆ ಅರ್ಧ ಗಂಟೆಯಷ್ಟು ಹೊತ್ತು ಅಂಗಾತ ಮಲಗಿದ್ದಳು, ಕಾಲು ಹೆಚ್ಚುಕಡಿಮೆ ನೇರವಾಗಿತ್ತು. ಮೆಟ್ಟಿಲು ಇಳಿಯುವಾಗ ಆ ಕಾಲು ಏನು ಮಾಡುತ್ತದೆ ಎಂಬುದನ್ನು ಯಂತ್ರ ನೋಡಿಯೇ ಇಲ್ಲ. ನಾರು ಎಲ್ಲಿ ಹರಿದಿದೆ ಎಂದು ಅದು ಹೇಳಬಲ್ಲದು, ಕಾಲು ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಕೈಯೂ ನಡಿಗೆಯೂ ಹೇಳಬೇಕು.

3 ಟೆಸ್ಲಾ ಯಂತ್ರದ ವಿಷಯ. ಬೇಡ. 1.5 ಟೆಸ್ಲಾದಲ್ಲಿ, ಮೊಣಕಾಲಿಗೆಂದೇ ಇರುವ ಕಾಯಿಲ್ (ಮಾರುಲಿಯನ್ನು ಹಿಡಿಯುವ ಸಲಕರಣೆ) ಹಾಕಿ, ಅಲುಗಾಡದೆ ಮಾಡಿದ ಎಂಆರ್‌ಐ ಎಸಿಎಲ್‌ಗೆ ಧಾರಾಳವಾಗಿ ಸಾಕು. 3 ಟೆಸ್ಲಾದಲ್ಲಿ ಕೀಲಿನ ಮೃದುಮೂಳೆಯ ಸೂಕ್ಷ್ಮ ಗಾಯಗಳು ಇನ್ನಷ್ಟು ಸ್ಪಷ್ಟವಾಗುವುದು ನಿಜ, ಆದರೆ ನಿಮ್ಮ ಮುಂದಿರುವ ತೀರ್ಮಾನ ಅದರ ಮೇಲೆ ನಿಂತಿಲ್ಲ. ಚಿತ್ರಗಳು ಮಸುಕಾಗಿದ್ದರೆ, ಅಥವಾ ತೀರಾ ಕಡಿಮೆ ಶಕ್ತಿಯ ತೆರೆದ ಯಂತ್ರದಲ್ಲಿ ಮಾಡಿಸಿದ್ದರೆ ಮಾತ್ರ ಮತ್ತೊಮ್ಮೆ ಯೋಚಿಸಬಹುದು. ಆ ಹಣವನ್ನು ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ. ವರದಿಯ ಕಾಗದದ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಶಸ್ತ್ರವೈದ್ಯರು ಹೋಳುಗಳನ್ನು ತಾವೇ ತಿರುಗಿಸಿ ನೋಡಬೇಕು. ನೋಡುವಾಗ ಒಳಬದಿಯ ಮೆನಿಸ್ಕಸ್ ಹಿಂದುಗಡೆ ಕೀಲಿನ ಚೀಲಕ್ಕೆ ಸೇರುವ ಅಂಚನ್ನು ವಿಶೇಷವಾಗಿ ಗಮನಿಸಲು ಹೇಳಿ. ಎಸಿಎಲ್ ಹರಿದವರಲ್ಲಿ ಅಲ್ಲೊಂದು ಸೀಳು ಇರುವುದುಂಟು. ಕಾಲು ನೇರವಾಗಿದ್ದಾಗ ಆ ಸೀಳು ಮುಚ್ಚಿಕೊಳ್ಳುವುದರಿಂದ ಎಂಆರ್‌ಐಗೆ ತಪ್ಪಿಸಿಕೊಂಡು, ಆರ್ತ್ರೋಸ್ಕೋಪಿಯಲ್ಲಿ ದುರ್ಬೀನು ಹಾಕಿದಾಗಷ್ಟೇ ಸಿಗುವುದೂ ಇದೆ.

ಶಸ್ತ್ರಚಿಕಿತ್ಸೆಯೋ ವ್ಯಾಯಾಮವೋ? ನಿಮ್ಮ ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. ಸ್ವೀಡನ್‌ನಲ್ಲಿ 18ರಿಂದ 35 ವರ್ಷದೊಳಗಿನ, ಹೊಸದಾಗಿ ಎಸಿಎಲ್ ಹರಿದ 121 ಜನರನ್ನು ಎರಡು ಗುಂಪು ಮಾಡಿ ಒಂದು ಪ್ರಯೋಗ ನಡೆಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ನಂತರ ಶಸ್ತ್ರಚಿಕಿತ್ಸೆ. ಎರಡು ವರ್ಷದ ಕೊನೆಗೆ ಎರಡೂ ಗುಂಪಿನವರ ಮೊಣಕಾಲಿನ ಸ್ಥಿತಿ ಸರಾಸರಿಯಲ್ಲಿ ಒಂದೇ ಆಗಿತ್ತು. ಎರಡನೆಯ ಗುಂಪಿನ 59 ಜನರಲ್ಲಿ 23 ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ಅದೇ ಜನರ ಎರಡು ವರ್ಷದ ನಂತರದ ಎಂಆರ್‌ಐಗಳನ್ನು ಮುಂದೆ ಮತ್ತೊಮ್ಮೆ ಪರಿಶೀಲಿಸಿದಾಗ, ಮೊದಲು ವ್ಯಾಯಾಮ ಎಂದು ಆರಿಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 30 ಮಂದಿಯಲ್ಲಿ ಹರಿದ ಎಸಿಎಲ್ ಮತ್ತೆ ಕೂಡಿಕೊಂಡ ಲಕ್ಷಣ ಕಂಡಿತು. ಹರಿದ ಎಸಿಎಲ್ ಎಂದೂ ಕೂಡುವುದಿಲ್ಲ ಎಂದೇ ಕಲಿತಿದ್ದ ನನ್ನಂಥವರಿಗೆ ಇದು ಪಾಠ. ಕೂಡಿದಂತೆ ಕಂಡದ್ದು ಮೊದಲಿನಷ್ಟೇ ಗಟ್ಟಿಯಾಗಿದೆ ಎಂದು ಮಾತ್ರ ಚಿತ್ರ ನೋಡಿ ಹೇಳಲಾಗದು.

ನಿಮ್ಮ ಮಗಳ ವಿಷಯದಲ್ಲಿ ತಕ್ಕಡಿ ಸ್ವಲ್ಪ ಬೇರೆ ಕಡೆ ವಾಲುತ್ತದೆ. ವಯಸ್ಸು ಇಪ್ಪತ್ತು, ಆಟ ಕಬಡ್ಡಿ, ಐದೇ ವಾರದಲ್ಲಿ ಎರಡು ಸಲ ಕುಸಿದಿದ್ದಾಳೆ. ಹಾಗೆ ಕುಸಿದ ಪ್ರತಿ ಸಲವೂ ಇಂದು ಹರಿಯದೆ ಉಳಿದಿರುವ ಮೆನಿಸ್ಕಸ್ ಹರಿಯುವ ಅಪಾಯವಿದೆ. ಹಾಗಾಗಿ ತಿರುಗುವ, ನೆಗೆಯುವ ಆಟಕ್ಕೆ ಮರಳಬೇಕೆಂಬ ಹಟ ಅವಳಿಗಿದ್ದರೆ, ಎಸಿಎಲ್‌ನ್ನು ಹೊಸದಾಗಿ ಕಟ್ಟಿಸಿಕೊಳ್ಳುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ನಾಳೆಯೇ ಬೇಡ. ಊತ ಪೂರ್ತಿ ಇಳಿದು, ಮೊಣಕಾಲು ಇನ್ನೊಂದರಂತೆಯೇ ನೇರವಾಗಿ ಚಾಚಿ, ತೊಡೆಯ ಸ್ನಾಯು ಬಲಗೊಳ್ಳುವವರೆಗೆ ಒಳ್ಳೆಯ ಫಿಸಿಯೋಥೆರಪಿಸ್ಟರ ಕೈಯಲ್ಲಿ ವ್ಯಾಯಾಮವಾಗಬೇಕು. ಬಿಗಿದ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ನಂತರವೂ ಬಿಗಿತ ಉಳಿಯುತ್ತದೆ. ಅಷ್ಟರೊಳಗೆ ಕುಸಿಯುವುದು ನಿಂತು, ಕಬಡ್ಡಿ ಬಿಟ್ಟು ಬೇರೆ ದಾರಿ ಹಿಡಿಯಲು ಅವಳೇ ಮನಸ್ಸು ಮಾಡಿದರೆ, ಶಸ್ತ್ರಚಿಕಿತ್ಸೆ ಇಲ್ಲದೆಯೂ ನಡೆಯಬಹುದು. ನಾಟಿ ವೈದ್ಯರ ಕಟ್ಟಿನಿಂದ ಎಸಿಎಲ್‌ಗೆ ಏನೂ ಆಗಿಲ್ಲ, ಒಳ್ಳೆಯದೂ ಆಗಿಲ್ಲ. ನಷ್ಟವಾಗಿರುವುದು ತೊಡೆಯ ಸ್ನಾಯುವಿಗೆ. ಎರಡು ವಾರ ಅಲುಗಾಡದ ತೊಡೆ ಎಷ್ಟು ಕರಗುತ್ತದೆ ಎಂಬುದನ್ನು ಎರಡೂ ತೊಡೆಗಳ ಸುತ್ತ ಟೇಪು ಹಿಡಿದರೆ ನೀವೇ ಕಾಣುತ್ತೀರಿ. ಇನ್ನು ಮುಂದೆ ಎಣ್ಣೆ ಹಚ್ಚಿ ಎಳೆಯಿಸುವುದು, ತಿರುಚಿಸುವುದು ಖಂಡಿತ ಬೇಡ.

ಕಾಯಬಾರದ ಒಂದೆರಡು ಸಂದರ್ಭಗಳಿವೆ. ಮೊಣಕಾಲು ಮಡಿಸಿದಲ್ಲೇ ಸಿಕ್ಕಿಕೊಂಡು ನೇರವಾಗದಿದ್ದರೆ, ಹರಿದ ಮೆನಿಸ್ಕಸ್ ಮಗುಚಿ ನಡುವೆ ಕುಳಿತಿರಬಹುದು. ಆಗ ದಿನಗಳ ಲೆಕ್ಕದಲ್ಲಿ ಹೋಗಬೇಕು. ಇದು ನಿಮ್ಮ ಮಗಳಿಗೆ ಸಂಬಂಧಿಸಿದ್ದಲ್ಲ, ಆದರೆ ಈ ಉತ್ತರ ಓದುವ ಬೇರೆಯವರಿಗಾಗಿ ಹೇಳುತ್ತೇನೆ: ರಸ್ತೆ ಅಪಘಾತದಲ್ಲಿ ಮೊಣಕಾಲು ಕಳಚಿ, ಪಾದ ತಣ್ಣಗಾಗಿದ್ದರೆ ಅಥವಾ ಬಿಳಚಿಕೊಂಡಿದ್ದರೆ, ಲಿಗಮೆಂಟಿನ ಯೋಚನೆಯನ್ನೇ ಬಿಡಿ. ಹಿಂಭಾಗದ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಕಾಲು ಉಳಿಯುವುದು ಕೆಲವೇ ಗಂಟೆಗಳ ಮೇಲೆ ನಿಂತಿರುತ್ತದೆ, ನೇರವಾಗಿ ರಕ್ತನಾಳದ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಮಗಳ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ, ಇದನ್ನು ಅವಳಿಗೇ ಓದಲು ಕೊಡಿ. ನೋಡಮ್ಮ, ಈ ವರ್ಷದ ಪಂದ್ಯಗಳನ್ನು ಬಿಟ್ಟುಬಿಡು. ಶಸ್ತ್ರಚಿಕಿತ್ಸೆ ಆದರೆ ಆ ದಿನದಿಂದ ಕಡಿಮೆಯೆಂದರೆ ಒಂಬತ್ತು ತಿಂಗಳು ಅಂಕಣಕ್ಕೆ ಇಳಿಯಬಾರದು. ಅದಕ್ಕೂ ಮುಂಚೆ ಇಳಿದವರಲ್ಲಿ ಹೊಸ ಎಸಿಎಲ್ ಮತ್ತೆ ಹರಿಯುವುದು ಹೆಚ್ಚು, ನಿನ್ನಷ್ಟು ಎಳೆಯರಲ್ಲಿ ಇನ್ನೂ ಹೆಚ್ಚು. ಒಂಬತ್ತು ತಿಂಗಳಾಯಿತು ಎಂಬುದೊಂದೇ ಸಾಲದು. ಬಲಗಾಲಿನ ಬಲ ಎಡಗಾಲಿನ ನೂರಕ್ಕೆ 90ರಷ್ಟಾದರೂ ಇರಬೇಕು, ಒಂಟಿಕಾಲಿನಲ್ಲಿ ನೆಗೆದ ದೂರವೂ ಅಷ್ಟೇ. ಇವನ್ನು ಫಿಸಿಯೋಥೆರಪಿಸ್ಟ್ ಅಳೆಯುತ್ತಾರೆ. ಆಗ ಯಾರಾದರೂ ಎಂಆರ್‌ಐ ಮಾಡಿಸಿ ‘ಒಳಗೆ ಬೆಳ್ಳಗೆ ಕಾಣುತ್ತಿದೆ, ಮತ್ತೆ ಹರಿದಿರಬಹುದು’ ಎಂದರೆ ಗಾಬರಿಯಾಗಬೇಡ. ಕಟ್ಟಿದ ಹೊಸ ಲಿಗಮೆಂಟಿನೊಳಗೆ ರಕ್ತನಾಳಗಳು ಬೆಳೆದು ಅದು ಹದಗೊಳ್ಳುವ ವರ್ಷದಲ್ಲಿ ಹಾಗೆ ಬೆಳ್ಳಗೆ ಕಾಣುವುದು ಸಹಜ. ಎಳೆಗಳು ಕೊನೆಯವರೆಗೆ ಕೂಡಿಕೊಂಡಿವೆಯೇ ಎಂದು ಕೇಳು, ಮತ್ತು ಕಾಲನ್ನು ಎಳೆದು ನೋಡಿ ಎಂದು ಹೇಳು. ಸದ್ಯಕ್ಕೆ ನಿನ್ನ ಕೆಲಸ ಒಂದೇ: ಕುಳಿತಲ್ಲಿ ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ತೊಡೆ ಬಿಗಿಹಿಡಿದು, ಮೊಣಕಾಲನ್ನು ಕೆಳಕ್ಕೆ ಒತ್ತಿ ಪೂರ್ತಿ ನೇರ ಮಾಡುವುದು. ಐದು ಎಣಿಸುವವರೆಗೆ ಹಿಡಿದು ಬಿಡು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಇಪ್ಪತ್ತಿಪ್ಪತ್ತು ಸಲ ಮಾಡು, ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದುಕೊ.